ಟೈಲರ್ ಅಕ್ಕ ಫೋನಿನಲ್ಲಿ ಹೇಳಿದ್ದು

ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಗ ಮೊದಲ ಸಲ ರೆಸ್ಯೂಮೆ ಮಾಡಿಸಲು ಮರ್ಫಿ ಟೌನಿನ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹೆಸರು, ವಿಳಾಸ, ಓದು, ಗೊತ್ತಿರುವ ಭಾಷೆಗಳು ಎಲ್ಲ ಟೈಪ್ ಆದ ಮೇಲೆ ಕಂಪ್ಯೂಟರಿನ ಮುಂದೆ ಕೂತಿದ್ದವರು ತಿರುಗಿ ನೋಡಿದರು.

“ಎಕ್ಸ್‌ಪೀರಿಯೆನ್ಸ್ ಏನ್ ಹಾಕ್ಲಿ ಮೇಡಂ?”

ನನ್ನ ಹಿಂದೆ ಆಧಾರ್ ಕಾರ್ಡಿನ ಪ್ರತಿ ತೆಗೆಸಲು ಜನ ನಿಂತಿದ್ದರು.

“ನಿಲ್ ಅಂತ ಹಾಕ್ಬಿಡಿ” ಎಂದೆ.

ಹಾಗೆ ಹೇಳಿದಾಗ ಅದೊಂದು ಸುಳ್ಳು ಎಂದು ನನಗೆ ಅನ್ನಿಸಲೇ ಇಲ್ಲ. ಒಂಬತ್ತನೇ ಕ್ಲಾಸಿನಿಂದ, ಅಂದರೆ ಆಗಲೇ ಆರು ವರ್ಷದಿಂದ, ನಾನು ದಿನಾ ಸಂಜೆ ಕೆಲಸ ಮಾಡುತ್ತಿದ್ದೆ. ಆದರೆ ಅದನ್ನು ಕೆಲಸ ಎಂದು ಯಾರೂ ಕರೆದಿರಲಿಲ್ಲ, ನಾನಂತೂ ಕರೆದೇ ಇರಲಿಲ್ಲ.

ನಾವಿದ್ದದ್ದು ಮರ್ಫಿ ಟೌನಿನ ಒಂದು ಇಕ್ಕಟ್ಟು ಬೀದಿಯ ಮೂರಂತಸ್ತಿನ ಕಟ್ಟಡದಲ್ಲಿ. ಅಪ್ಪ ಗದಗದ ಕಡೆಯವರು. ಕೆ.ಆರ್. ಪುರಂ ಹತ್ತಿರದ ಒಂದು ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ನಮ್ಮದು ಮೊದಲ ಮಹಡಿ. ಕೆಳಗಿನ ಮನೆಯಲ್ಲಿ ಟೈಲರ್ ಅಕ್ಕ ಇದ್ದರು. ಗಂಡ ತೀರಿಕೊಂಡಿದ್ದರು, ಮಗಳನ್ನು ಕೋಲಾರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಮುಂದಿನ ಕೋಣೆಯೇ ಅಂಗಡಿ. ಬೋರ್ಡ್ ಇರಲಿಲ್ಲ. ಬಾಗಿಲ ಚೌಕಟ್ಟಿಗೆ ಹೊಡೆದ ಮೊಳೆಗೆ ಹೊಲಿದು ಮುಗಿದ ಬ್ಲೌಸುಗಳು ನೇತಾಡುತ್ತಿದ್ದವು, ಅದೇ ಗುರುತು.

ಅಕ್ಕನ ಮನೆಮಾತು ತಮಿಳು, ಅವರ ಕಡೆಯ ರೂಢಿಯಂತೆ ನನ್ನನ್ನು ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಿದ್ದರು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದರು, ಆದರೆ ಯಾವ ಭಾಷೆಯಲ್ಲೂ ಬರೆಯಲು ಬರುತ್ತಿರಲಿಲ್ಲ. ಅಂಕಿ ಗೊತ್ತಿತ್ತು, ಅಷ್ಟೆ. ಯಾವ ಅಳತೆ ಯಾರದೆಂದು ನೆನಪಿಟ್ಟುಕೊಳ್ಳಲು ಬಟ್ಟೆಯ ಮೂಲೆಗೆ ಬಣ್ಣದ ದಾರ ಕಟ್ಟುತ್ತಿದ್ದರು. ಒಮ್ಮೆ ಅಮ್ಮನ ಬ್ಲೌಸ್ ತರಲು ಹೋದಾಗ ಎರಡು ದಾರ ಅದಲುಬದಲಾಗಿ ಅವರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ನನ್ನ ಹಳೆಯ ಸ್ಕೂಲ್ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಎಲ್ಲರ ಹೆಸರು, ಎದೆ, ಸೊಂಟ, ತೋಳು, ಕತ್ತು ಎಂದು ಸಾಲು ಹಾಕಿ ಬರೆದುಕೊಟ್ಟೆ. ಅವತ್ತಿನಿಂದ ಸ್ಕೂಲು ಬಿಟ್ಟ ಮೇಲೆ ಅಲ್ಲಿ ಕೂರುವುದು ರೂಢಿಯಾಯಿತು. ಅಳತೆ ಬರೆಯುವುದು, ಹುಕ್ಸ್ ಹೊಲಿಯುವುದು, ಸೀರೆಗೆ ಫಾಲ್ಸ್ ಹಚ್ಚುವುದು, ಬಂದವರ ಜೊತೆ ಮಾತಾಡುವುದು. ಸಂಬಳ ಅಂತ ಇರಲಿಲ್ಲ. ನನ್ನ ಚೂಡಿದಾರಗಳನ್ನೆಲ್ಲ ಅವರೇ ಹೊಲಿದು ಕೊಡುತ್ತಿದ್ದರು, ಸಂಜೆ ಬಿಸಿ ಬಿಸಿ ಬೋಂಡಾ ಇರುತ್ತಿತ್ತು.

ಬರುವವರ ಜೊತೆ ಮಾತಾಡುವುದೇ ದೊಡ್ಡ ಕೆಲಸವಾಗಿತ್ತು ಎಂದು ಈಗ ತಿಳಿಯುತ್ತದೆ. ಫ್ರೇಜರ್ ಟೌನಿನಿಂದ ಒಬ್ಬ ಹೆಂಗಸು ಬುರ್ಖಾದೊಳಗಿಂದ ಬಟ್ಟೆಯ ಗಂಟು ತೆಗೆದು “ಕಲ್ ಹೋನಾ ಬೇಟಿ” ಎನ್ನುತ್ತಿದ್ದರು, ನಾಳೆಗೇ ಬೇಕು ಎಂದು. ಅವರ ಜೊತೆ ನನ್ನ ಹರಕುಮುರುಕು ಉರ್ದು, ಹಲಸೂರಿನವರ ಜೊತೆ ತಮಿಳು, ಉಳಿದವರ ಜೊತೆ ಕನ್ನಡ. ತಮ್ಮನ ಮದುವೆಗೆ ಎರಡೇ ದಿನ ಇರುವಾಗ ಒಬ್ಬ ಟೀಚರ್ ಬ್ಲೌಸ್ ಬಿಗಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದರು. ನಾನು ಅವರನ್ನು ಕೂರಿಸಿ ನೀರು ಕೊಟ್ಟು, “ಆಂಟಿ, ಇಷ್ಟು ಜರಿ ಇರೋ ಬಟ್ಟೆ ಸ್ವಲ್ಪ ಬಿಗಿ ಹಿಡಿಯುತ್ತೆ. ಒಳಗಡೆ ಬಟ್ಟೆ ಬಿಟ್ಟೇ ಹೊಲ್ದಿದಾರೆ ಅಕ್ಕ. ಕಾಲು ಗಂಟೇಲಿ ಬಿಚ್ಚಿ ಕೊಡ್ತೀವಿ” ಎಂದಿದ್ದೆ. ಹೋಗುವಾಗ ಅವರು ನಗುತ್ತಾ ಹೋದರು. ದಪ್ಪಗಾಗಿದ್ದೀರಿ ಎಂದು ಯಾರಿಗೂ ಹೇಳಬಾರದು, ತಪ್ಪೆಲ್ಲ ಬಟ್ಟೆಯದು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಎರಡನೇ ವರ್ಷಕ್ಕೆ ಬಂದಾಗ ಕ್ಲಾಸಿನ ಹುಡುಗಿಯರಲ್ಲಿ ಅರ್ಧದಷ್ಟು ಜನ ಎಲ್ಲಾದರೂ ಪಾರ್ಟ್ ಟೈಮ್ ಮಾಡುತ್ತಿದ್ದರು. ಅಪ್ಪನ ಕಂಪನಿಯಲ್ಲಿ ಜನರನ್ನು ಕಡಿಮೆ ಮಾಡುವ ಮಾತು ನಡೆದಿತ್ತು. ಅಪ್ಪ ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ, ಊಟದ ಹೊತ್ತಿಗೆ ಸುಮ್ಮನೆ ತಟ್ಟೆ ನೋಡುತ್ತಾ ಕೂರುತ್ತಿದ್ದರು. ನನ್ನ ಖರ್ಚನ್ನಾದರೂ ನಾನೇ ನೋಡಿಕೊಳ್ಳಬೇಕು ಎಂದು ತೀರ್ಮಾನಿಸಿದೆ.

ರೆಸ್ಯೂಮೆ ಹಿಡಿದು ಕಮರ್ಷಿಯಲ್ ಸ್ಟ್ರೀಟಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಅಂಗಡಿ ಅಂಗಡಿ ಹತ್ತಿ ಇಳಿದೆ. ಎಲ್ಲ ಕಡೆಯೂ ಅದೇ ಪ್ರಶ್ನೆ. ಒಂದು ಬಟ್ಟೆ ಅಂಗಡಿಯವರು ಕಾಗದವನ್ನು ಪೂರ್ತಿ ಓದದೆ “ಫ್ರೆಶರ್ಸ್ ಬೇಡಮ್ಮ, ಕಲಿಸೋಕೆ ಯಾರಿಗಿದೆ ಟೈಮು?” ಎಂದರು. ಇನ್ನೊಬ್ಬರು ನನ್ನನ್ನು ಬೀದಿಯಲ್ಲಿ ನಿಂತು ಗಿರಾಕಿಗಳನ್ನು ಕೂಗಿ ಕರೆಯಲು ಹೇಳಿದರು. ನಾಚಿಕೆಯಿಂದ ನನ್ನ ದನಿ ಹೊರಡಲಿಲ್ಲ. ಶಿವಾಜಿನಗರದ ಬಸ್ ಸ್ಟ್ಯಾಂಡಿನವರೆಗೂ ನಡೆದು ಬಂದು ಅಲ್ಲಿ ಒಂದು ಕಂಬಕ್ಕೆ ಒರಗಿ ಸ್ವಲ್ಪ ಅತ್ತೆ. ಮೊಬೈಲಿನಲ್ಲಿ ಹಾಕಿದ ಅರ್ಜಿಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಕೆಲಸ ಮಾಡಿದ್ದರೆ ಮಾತ್ರ ಕೆಲಸ. ಮೊದಲ ಕೆಲಸ ಯಾರು ಕೊಡುತ್ತಾರೆ ಎಂದು ಮಾತ್ರ ಯಾರೂ ಹೇಳುತ್ತಿರಲಿಲ್ಲ.

ಅಕ್ಕ ನನ್ನ ಸಪ್ಪೆ ಮುಖ ನೋಡಿ ವಿಚಾರಿಸಿದರು. ಹೇಳಿದೆ.

“ಅದ್ಯಾಕೆ ಕಣ್ಣು? ನನ್ ಹತ್ರ ಮಾಡ್ತಿದೀಯಲ್ಲ, ಅದನ್ನ ಬರಿ.”

“ಸರಿ ಅಕ್ಕ, ಬರೀತೀನಿ” ಎಂದೆ. ಬರೆಯಲಿಲ್ಲ.

ಆಮೇಲಿನ ವಾರ ಇಂದಿರಾನಗರದಲ್ಲಿ ಒಂದು ಹೆಂಗಸರ ಬಟ್ಟೆಯ ಶೋರೂಮಿನ ಗಾಜಿಗೆ ‘ವಾರಾಂತ್ಯಕ್ಕೆ ಸಿಬ್ಬಂದಿ ಬೇಕಾಗಿದ್ದಾರೆ’ ಎಂಬ ಚೀಟಿ ಅಂಟಿಸಿದ್ದು ಕಾಣಿಸಿತು. ಒಳಗೆ ಹೋದೆ. ತಣ್ಣಗಿತ್ತು, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಮ್ಯಾನೇಜರ್ ನಲವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿಕೊಂಡು ನನ್ನ ಕಾಗದ ನೋಡಿದರು.

“ಎಕ್ಸ್‌ಪೀರಿಯೆನ್ಸ್ ಇಲ್ವಾ?”

ಮತ್ತೆ ಅದೇ ಬಾಗಿಲಿನಿಂದ ಹೊರಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ.

“ಇದೆ ಮೇಡಂ. ಇದು ಹಳೇ ರೆಸ್ಯೂಮೆ. ಫ್ರೇಜರ್ ಟೌನಲ್ಲಿ ಒಂದು ಬುಟೀಕ್‌ನಲ್ಲಿ ಎರಡು ವರ್ಷ ಮಾಡಿದೀನಿ.”

“ಓ, ಗುಡ್. ಓನರ್ ನಂಬರ್ ಕೊಡಿ, ಒಂದು ಮಾತು ಕೇಳ್ತೀನಿ.”

ನನಗೆ ಬಾಯಿಪಾಠ ಇದ್ದದ್ದು ಮನೆಯವರದು ಬಿಟ್ಟರೆ ಅಕ್ಕನ ನಂಬರ್ ಒಂದೇ. ಅದನ್ನೇ ಕೊಟ್ಟೆ.

ಮೆಟ್ರೋದಲ್ಲಿ ಹಲಸೂರಿಗೆ ಬಂದಿಳಿದು ಓಡಿಯೇ ಮನೆ ಸೇರಿದೆ. ಅಕ್ಕ ಮಷೀನಿನ ಮುಂದೆ ಕೂತಿದ್ದರು, ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಉಸಿರು ಬಿಡದೆ ಎಲ್ಲ ಹೇಳಿದೆ. ಫೋನ್ ಬರುತ್ತದೆ, ನೀವು ಬುಟೀಕಿನ ಓನರ್ ಎನ್ನಬೇಕು, ಆದಷ್ಟೂ ಇಂಗ್ಲಿಷಿನಲ್ಲಿ ಮಾತಾಡಬೇಕು.

ಅವರು ಒಂದೊಂದೇ ಪಿನ್ನು ತೆಗೆದು ಡಬ್ಬಿಗೆ ಹಾಕಿದರು.

“ಬುಟೀಕ್ ಅಂದ್ರೆ ಏನು?”

“ದೊಡ್ಡ ಟೈಲರ್ ಅಂಗಡಿ ಅಕ್ಕ. ಎಸಿ ಗಿಸಿ ಇರುತ್ತೆ.”

“ಹಂಗಾದ್ರೆ ಚಿಕ್ಕ ಟೈಲರ್ ಅಂತ ಹೇಳಿದ್ರೆ ಆಯ್ತಪ್ಪ.”

“ಅಯ್ಯೋ, ನಗ್ತಾರೆ ಅಕ್ಕ.”

ಅವರು ಮಷೀನಿನ ಚಕ್ರದ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಆಮೇಲೆ “ಸರಿ, ಏನ್ ಹೇಳ್ಬೇಕು ಹೇಳ್ಕೊಡು” ಎಂದರು. ನಾನು ಒಂದೊಂದೇ ಇಂಗ್ಲಿಷ್ ವಾಕ್ಯ ಹೇಳಿದೆ, ಅವರು ಅದನ್ನೇ ಹೇಳಿದರು. ‘ಯೆಸ್, ಶಿ ಈಸ್ ಎ ಗುಡ್ ಗರ್ಲ್’ ತನಕ ಬಂತು, ಮುಂದಕ್ಕೆ ನಾಲಿಗೆ ತೊಡರುತ್ತಿತ್ತು. ನಾವಿಬ್ಬರೂ ನಕ್ಕೆವು. ಅವರಿಗೆ ಆಗಲೇ ನೋವಾಗಿರಬೇಕು ಎಂದು ನನಗೆ ಹೊಳೆಯಲಿಲ್ಲ.

ಎರಡು ದಿನ ಅವರು ಫೋನನ್ನು ಸೆರಗಿನಲ್ಲೇ ಸಿಕ್ಕಿಸಿಕೊಂಡು ಓಡಾಡಿದರಂತೆ, ಅಮ್ಮ ಹೇಳಿದರು. ಅದು ಬುಟೀಕಿನ ಹಾಗೆ ಕೇಳಿಸಲಿ ಎಂದು, ರಿಂಗ್ ಆದರೆ ಪಕ್ಕದ ಮನೆಯವರು ಟಿವಿ ನಿಲ್ಲಿಸಬೇಕೆಂದೂ ಹೇಳಿಟ್ಟಿದ್ದರಂತೆ.

ಫೋನ್ ಬಂದಾಗ ನಾನು ಕಾಲೇಜಿನಲ್ಲಿದ್ದೆ. ಸಂಜೆ ಬರುವಾಗ “ಫೋನ್ ಬಂತಾ?” ಎಂದು ಬಾಗಿಲಲ್ಲೇ ಅಕ್ಕನನ್ನು ಕೇಳಿದೆ. ಒಳಗೆ ಒಬ್ಬರು ಅಳತೆ ಕೊಡಲು ನಿಂತಿದ್ದರು.

“ಬಂತು ಕಣ್ಣು” ಎಂದರು ಅಕ್ಕ. ಟೇಪನ್ನು ಕೊರಳಿಗೆ ಹಾಕಿಕೊಂಡರು. “ಅವರು ಕನ್ನಡದಲ್ಲೇ ಕೇಳಿದ್ರು. ಅಂಗಡಿ ಎಲ್ಲಿ, ಎಷ್ಟು ಜನ ಇದೀರ ಅಂತ. ನನಗೆ... ಬಾಯಿ ಬರಲಿಲ್ಲ ಕಣ್ಣು. ಮನೇಲೇ ಹೊಲಿಯೋಳು ಅಂತ ಹೇಳ್ಬಿಟ್ಟೆ.”

ನನಗೆ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಯವರು, ಬಸ್ ಸ್ಟ್ಯಾಂಡಿನ ಕಂಬ, ಅಪ್ಪನ ತಟ್ಟೆ, ಎಲ್ಲದರ ಸಿಟ್ಟೂ ಅವರ ಮೇಲೆ ಬಂತು.

“ಒಂದು ಫೋನು! ಒಂದೇ ಒಂದು ಫೋನಲ್ಲಿ ನಾಲ್ಕು ಮಾತಾಡೋಕೂ ಬರಲ್ವಾ ನಿಂಗೆ? ಆರು ವರ್ಷ ಇಲ್ಲಿ ಕೂತು ಹುಕ್ಸ್ ಹೊಲ್ದಿದ್ದೇ ಬಂತು. ಇದೂ ಒಂದು ಕೆಲ್ಸಾನಾ? ಇದನ್ನ ಯಾರಿಗಾದ್ರೂ ಹೇಳ್ಕೊಳೋಕಾಗುತ್ತಾ?”

ಅಲ್ಲಿಯತನಕ ನಾನು ಅವರಿಗೆ ಏಕವಚನ ಬಳಸಿದವಳಲ್ಲ. ಅಳತೆ ಕೊಡಲು ಬಂದಿದ್ದಾಕೆ ನನ್ನನ್ನೂ ಅವರನ್ನೂ ನೋಡಿ ತಲೆ ತಗ್ಗಿಸಿದರು. ಅಕ್ಕ ಕೊರಳಿನ ಟೇಪು ತೆಗೆದು ಆಕೆಯ ತೋಳಿಗೆ ಹಿಡಿದು “ಎಷ್ಟು ಉದ್ದ ಇಡ್ಲಮ್ಮ?” ಎಂದು ಮೆಲ್ಲಗೆ ಕೇಳಿದರು.

ಮೆಟ್ಟಿಲ ಮೇಲೆ ನಿಂತು ಅಮ್ಮ ಎಲ್ಲ ಕೇಳಿಸಿಕೊಂಡಿದ್ದರು. “ಹಿರೇರಿಗೆ ಹಿಂಗ ಮಾತಾಡ್ತಾರೇನ? ಹೋಗು, ತಪ್ಪಾತು ಅಂತ ಹೇಳಿ ಬಾ” ಎಂದರು. ನಾನು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಮಧ್ಯಾಹ್ನ ಶೋರೂಮಿನಿಂದ ಫೋನ್ ಬಂತು. ಶನಿವಾರದಿಂದ ಬನ್ನಿ ಎಂದರು ಮ್ಯಾನೇಜರ್. ಯಾಕೆ ತೆಗೆದುಕೊಂಡಿರಿ ಎಂದು ಕೇಳಲು ಧೈರ್ಯ ಬರಲಿಲ್ಲ. ಬಹುಶಃ ಅಕ್ಕ ಹೇಳಿದ್ದು ಅವರಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಇಲ್ಲವೆ ಜನ ಸಿಗದೆ ನನ್ನನ್ನೇ ಕರೆದಿರಬೇಕು ಎಂದುಕೊಂಡೆ. ಅಮ್ಮ ಕೆಳಗೆ ಹೋಗಿ ಅಕ್ಕನಿಗೆ ವಿಷಯ ತಿಳಿಸಿ ಬಂದರು. “ಏನಂದ್ರು?” ಎಂದು ಕೇಳಿದೆ. “ಒಳ್ಳೇದಾತು ಅಂದ್ರು” ಎಂದರು ಅಮ್ಮ. “ನೀ ಹೋಗಿ ಹೇಳಿದ್ರ ಚಲೋ ಇತ್ತು.”

ಕೆಲಸ ನನಗೆ ಬೇಗ ಕೈಹತ್ತಿತು. ಟ್ರಯಲ್ ರೂಮಿನಿಂದ ಮುಖ ಸಣ್ಣ ಮಾಡಿಕೊಂಡು ಹೊರಬರುವವರನ್ನು ಕಂಡರೆ ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ಸೊಂಟ ನೋಡಿಯೇ ಸೈಜ್ ಹೇಳುತ್ತಿದ್ದೆ. ಜೊತೆಗಿದ್ದವರು “ಮಗಾ, ನೀನು ಹೆಂಗೆ ಕರೆಕ್ಟಾಗಿ ಹೇಳ್ತೀಯ?” ಎಂದು ಬೆರಗಾಗುತ್ತಿದ್ದರು. ನಾನು ನಗುತ್ತಿದ್ದೆ. ಎಲ್ಲಿ ಕಲಿತೆ ಎಂದು ಅವರಿಗೂ ಹೇಳಲಿಲ್ಲ. ಮನೆಯಲ್ಲಿ ಕೆಳಗಿನ ಬಾಗಿಲನ್ನು ದಾಟುವಾಗ ಫೋನ್ ಕಿವಿಗೆ ಹಿಡಿದು, ಯಾರ ಜೊತೆಗೋ ಮಾತಾಡುತ್ತಿರುವವಳ ಹಾಗೆ ಬೇಗ ಬೇಗ ಮೆಟ್ಟಿಲು ಹತ್ತುತ್ತಿದ್ದೆ.

ಮೂರು ತಿಂಗಳ ಮೇಲೆ ಒಂದು ಭಾನುವಾರ, ಸ್ಟಾಕ್ ರೂಮಿನಲ್ಲಿ ಮ್ಯಾನೇಜರ್ ಜೊತೆ ಊಟಕ್ಕೆ ಕೂತಿದ್ದೆ. ಅವರು ಡಬ್ಬಿ ಬಿಚ್ಚುತ್ತಾ ಸಹಜವಾಗಿ ಕೇಳಿದರು.

“ನಿಮ್ ಟೈಲರ್ ಹೇಗಿದಾರೆ?”

ನನ್ನ ಕೈಯಲ್ಲಿದ್ದ ಚಪಾತಿ ಹಾಗೇ ಉಳಿಯಿತು.

“ಹೆದರ್ಕೋಬೇಡಿ. ಬುಟೀಕ್ ಸುಳ್ಳು ಅಂತ ನನಗೆ ಅವತ್ತೇ ಗೊತ್ತಾಯ್ತು. ಅವರು ಹೇಳಿದ್ದು ಕೇಳಿನೇ ನಿಮ್ಮನ್ನ ತಗೊಂಡಿದ್ದು.”

“ಏನ್ ಹೇಳಿದ್ರು ಮೇಡಂ?”

“ನಿಮಗೆ ಹೇಳಬೇಡಿ ಅಂದಿದ್ರು, ಹುಡುಗಿ ನಾಚ್ಕೋತಾಳೆ ಅಂತ. ಈಗ ಪರವಾಗಿಲ್ಲ ಬಿಡಿ.” ಅವರು ಸ್ವಲ್ಪ ನೆನಪು ಮಾಡಿಕೊಂಡು ಹೇಳಿದರು. “ಮೇಡಂ, ಅವಳು ಹೆದರಿಕೊಂಡು ಸುಳ್ಳು ಹೇಳಿದಾಳೆ, ತಪ್ಪು ತಿಳ್ಕೋಬೇಡಿ ಅಂದ್ರು. ನನ್ ಹತ್ರ ಆರು ವರ್ಷ ಇದಾಳೆ, ಅವಳು ಬರೆದ ಅಳತೆ ಒಂದು ಸಲಾನೂ ತಪ್ಪಿಲ್ಲ, ಜಗಳಕ್ಕೆ ಬಂದೋರು ನಗ್ತಾ ಹೋಗ್ತಾರೆ ಅಂದ್ರು. ಆಮೇಲೆ ಒಂದು ಮಾತು ಹೇಳಿದ್ರು ನೋಡಿ, ಅದು ನನಗೆ ಮರೆಯೋಕೇ ಆಗಲ್ಲ. ‘ನಾನು ಸಂಬಳ ಕೊಟ್ಟಿಲ್ಲ, ಅದು ನನ್ ತಪ್ಪು. ಅವಳು ಕೆಲಸ ಮಾಡಿಲ್ಲ ಅಂತಲ್ಲ.’”

ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ. ನಲ್ಲಿ ಬಿಟ್ಟುಕೊಂಡು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಅವತ್ತೇ ಹೋಗಿ ಕಾಲು ಹಿಡಿಯಬೇಕಿತ್ತು. ಹೋಗಬೇಕೆಂದೇ ಮೆಟ್ರೋ ಹತ್ತಿದ್ದೆ, ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡಿದ್ದೆ. ಬಾಗಿಲ ಹತ್ತಿರ ಬಂದಾಗ ಒಳಗೆ ಯಾರೋ ಇಬ್ಬರು ಹೆಂಗಸರು ಬಟ್ಟೆ ಹರಡಿಕೊಂಡು ಕೂತಿದ್ದರು. ಅವರ ಮುಂದೆ ಹೇಗೆ ಹೇಳುವುದು, ನಾಳೆ ಬರೋಣ ಎಂದು ಮೇಲೆ ಹೋದೆ. ಬೈಯುವಾಗ ಮಾತ್ರ ಗಿರಾಕಿ ಇರುವುದು ನನಗೆ ಅಡ್ಡಿಯಾಗಿರಲಿಲ್ಲ. ನಾಳೆ ಇನ್ನೇನೋ ಬಂತು. ಆಮೇಲೆ ಪರೀಕ್ಷೆ ಬಂತು. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು.

ಆ ನಡುವೆ ಒಂದು ಸಂಜೆ ಕೆಳಗೆ ಜೋರು ಮಾತು ಕೇಳಿಸಿತು. ನಾನು ಓದುತ್ತಾ ಕೂತಿದ್ದೆ. ಎದ್ದು ಮೆಟ್ಟಿಲವರೆಗೆ ಬಂದೆ. ಯಾರದೋ ಅಳತೆಗೆ ಇನ್ನಾರದೋ ರೇಷ್ಮೆ ಬ್ಲೌಸ್ ಕತ್ತರಿಸಿಬಿಟ್ಟಿದ್ದರು ಅಕ್ಕ. ನಾನು ಹೋಗುವುದನ್ನು ನಿಲ್ಲಿಸಿದ ಮೇಲೆ ಮತ್ತೆ ದಾರ ಕಟ್ಟುವುದಕ್ಕೆ ಶುರು ಮಾಡಿದ್ದರು.

“ಓದೋಕೆ ಬರೆಯೋಕೆ ಬರದೇ ಇದ್ಮೇಲೆ ಯಾಕ್ರೀ ತಗೋತೀರ ಬಟ್ಟೆನ?” ಎಂದು ಆ ಹೆಂಗಸು ಕೂಗುತ್ತಿದ್ದರು.

“ತಪ್ಪಾಯ್ತು ಮೇಡಂ, ತಪ್ಪಾಯ್ತು” ಎಂದು ಅಕ್ಕನ ದನಿ.

ಹನ್ನೆರಡು ಮೆಟ್ಟಿಲು ಇಳಿದಿದ್ದರೆ ಸಾಕಿತ್ತು. ಆಕೆಯನ್ನು ಕೂರಿಸಿ ನೀರು ಕೊಟ್ಟು ಏನು ಹೇಳಬೇಕೆಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಶೋರೂಮಿನಲ್ಲಿ ದಿನಕ್ಕೆ ಹತ್ತು ಜನರಿಗೆ ಅದನ್ನೇ ಹೇಳುತ್ತಿದ್ದೆ. ಆದರೆ ಇಷ್ಟು ದಿನ ಬಾರದವಳು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಮೆಟ್ಟಿಲ ಕಂಬಿ ಹಿಡಿದು ನಿಂತೇ ಇದ್ದೆ. ಆಕೆ ಬಟ್ಟೆ ಬಿಸಾಡಿ ಹೋದದ್ದು ಕೇಳಿಸಿತು. ಆಮೇಲೆ ಬಹಳ ಹೊತ್ತು ಮಷೀನಿನ ಸದ್ದಿಲ್ಲ. ಅವತ್ತು ಬಾಗಿಲಲ್ಲಿ ನಿಂತು ಆಡಿದ ಮಾತಿಗೆ ಸಿಟ್ಟು ಎಂಬ ನೆಪವಾದರೂ ಇದೆ. ಈ ಮೆಟ್ಟಿಲ ಮೇಲೆ ನಿಂತದ್ದಕ್ಕೆ ಯಾವ ನೆಪವೂ ಇಲ್ಲ.

ಕೊನೆಗೆ ಒಂದು ದಿನ ಕುರ್ತಾ ಬಟ್ಟೆಯೊಂದನ್ನು ಕೊಂಡು, ಅದನ್ನೇ ಹಿಡಿದು ಒಳಗೆ ಹೋದೆ. ಅಕ್ಕ ತಲೆ ಎತ್ತಿ ನೋಡಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ.

“ಬನ್ನಿ, ಕೂತ್ಕೊಳ್ಳಿ” ಎಂದರು.

ನನಗೆ ಅವರು ಹಾಗೆ ಅಂದದ್ದು ಅದೇ ಮೊದಲು. ಎದ್ದು ಬಂದು ಅಳತೆ ತೆಗೆದುಕೊಂಡರು. ಒಂದೊಂದು ಅಳತೆಯನ್ನೂ ಫೋನ್ ಬಾಯಿಯ ಹತ್ತಿರ ಹಿಡಿದು ಹೇಳಿ ರೆಕಾರ್ಡ್ ಮಾಡಿಕೊಂಡರು. ಮಗಳು ಬಂದಾಗ ಕಲಿಸಿ ಹೋಗಿದ್ದಳಂತೆ.

“ಅಕ್ಕ, ಅವತ್ತು ನಾನು...”

“ಕೈ ಸ್ವಲ್ಪ ಎತ್ತಿ” ಎಂದರು.

ಎತ್ತಿದೆ. ತೋಳಿನ ಸುತ್ತಳತೆ ಹೇಳಿಕೊಂಡರು. ನಾನು ಮತ್ತೆ ಬಾಯಿ ತೆರೆದೆ. “ಮೇಡಂ ಎಲ್ಲ ಹೇಳಿದ್ರು ಅಕ್ಕ. ನೀವು ಫೋನಲ್ಲಿ ಹೇಳಿದ್ದು. ತಪ್ಪಾಯ್ತು.”

ಅವರು ಟೇಪು ಸುತ್ತುತ್ತಾ “ಇದ್ದಿದ್ದು ಹೇಳ್ದೆ. ಅದಕ್ಕೇನು” ಎಂದರು. ಆಮೇಲೆ ಕೇಳಿದರು, “ಕೆಲಸ ಚೆನ್ನಾಗಿದೆಯಾ?”

“ಚೆನ್ನಾಗಿದೆ.”

“ಸಾಕು. ಗುರುವಾರ ಬನ್ನಿ, ಆಗಿರುತ್ತೆ.”

ಬೈದಿದ್ದರೆ ಅಳಬಹುದಿತ್ತು. ಅವರು ಮರ್ಯಾದೆ ಕೊಟ್ಟರು. ಇಲ್ಲಿ ಕೂತದ್ದು ಕೆಲಸವೇ ಅಲ್ಲ ಎಂದು ನಾನೇ ತಾನೇ ಹೇಳಿದ್ದು. ಹಾಗಾದರೆ ನಾನು ಅವರಿಗೆ ಯಾರು? ಮೇಲಿನ ಮನೆಯವಳು, ಒಬ್ಬ ಗಿರಾಕಿ.

ಡಿಗ್ರಿ ಮುಗಿಯಿತು. ಶೋರೂಮಿನ ಕೆಲಸದ ಬಲದ ಮೇಲೆ ಬೇರೆ ಕಡೆ ಪೂರ್ತಿ ಕೆಲಸ ಸಿಕ್ಕಿತು. ಅಪ್ಪನ ಕಂಪನಿಯ ತೊಂದರೆ ಹೇಗೋ ಕಳೆಯಿತು, ನಾವು ಅವರ ಕೆಲಸಕ್ಕೆ ಹತ್ತಿರವಾಗಲೆಂದು ಕೆ.ಆರ್. ಪುರಂ ಕಡೆಗೆ ಮನೆ ಬದಲಾಯಿಸಿದೆವು. ಸಾಮಾನು ಕಟ್ಟುವ ದಿನ ಅಕ್ಕ ಬಂದು ಪಾತ್ರೆಗಳನ್ನೆಲ್ಲ ಹಳೇ ಸೀರೆಯಲ್ಲಿ ಸುತ್ತಿಕೊಟ್ಟರು. ಅಮ್ಮನನ್ನು ತಬ್ಬಿಕೊಂಡು ಅತ್ತರು. ನನ್ನ ಕಡೆ ತಿರುಗಿ “ಆರೋಗ್ಯ ನೋಡ್ಕೊಳ್ಳಿ” ಎಂದರು.

ಅಮ್ಮನಿಗೆ ಈಗಲೂ ಬೇರೆಯವರು ಹೊಲಿದದ್ದು ಒಗ್ಗುವುದಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬಟ್ಟೆ ಕೊಟ್ಟು ಕಳಿಸುತ್ತಾರೆ. ಮೆಟ್ರೋ ಇಳಿದು ನಡೆದು ಹೋಗುತ್ತೇನೆ. ಅಕ್ಕನ ಕಣ್ಣು ಮೊದಲಿನಷ್ಟು ಚುರುಕಿಲ್ಲ, ದಾರ ಪೋಣಿಸಲು ಹೊತ್ತು ಹಿಡಿಯುತ್ತದೆ. ಒಮ್ಮೊಮ್ಮೆ ಒಳಗೆ ನಾಲ್ಕೈದು ಜನ ಇರುತ್ತಾರೆ, ಒಬ್ಬರಿಗೆ ಅವಸರ, ಇನ್ನೊಬ್ಬರಿಗೆ ಸಿಟ್ಟು. ಒಳಗೆ ಹೋಗಿ ಪೆನ್ನು ಹಿಡಿದು ಕೂರೋಣ ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಅವರು ಕರೆಯುವುದಿಲ್ಲ, ನಾನಾಗಿ ಹೋಗುವುದಿಲ್ಲ. ಹೊರಗಿನ ಮೆಟ್ಟಿಲ ಮೇಲೆ ಕೂತು ನನ್ನ ಸರದಿಗೆ ಕಾಯುತ್ತೇನೆ.